ಗಾಜು ಚಿನ್ನಕ್ಕೆ ತಾಗಬಾರದು: ಮೈಸೂರು ಶೈಲಿಯ ಚಿತ್ರಕ್ಕೆ ಹೊಸ ಕಟ್ಟು

ಚಿತ್ರಕ್ಕೆ ಕಟ್ಟು ಹಾಕಿಸಲು ಹೋದರೆ ಅಂಗಡಿಯವರು ಮೊದಲು ಕೇಳುವುದು, "ಯಾವ ಡಿಸೈನ್ ಪಟ್ಟಿ ಹಾಕಲಿ?" ಅಂತ. ನಾವೂ ಗೋಡೆಗೆ ಹೊಡೆದಿಟ್ಟ ಮೂಲೆ ಮಾದರಿಗಳನ್ನು ನೋಡುತ್ತಾ ನಿಂತುಬಿಡುತ್ತೇವೆ. ಮೈಸೂರು ಶೈಲಿಯ ಚಿತ್ರವಾದರೆ ಆ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ನೋಡಬೇಕಾದದ್ದು ಗಾಜಿಗೂ ಚಿತ್ರಕ್ಕೂ ನಡುವೆ ಎಷ್ಟು ಸಂದು ಸಿಗುತ್ತದೆ, ಹಿಂದೆ ಏನು ಹಾಕುತ್ತಾರೆ ಅನ್ನುವುದನ್ನು. ಅದೂ ನಮ್ಮ ತೀರ್ಥಹಳ್ಳಿ ಕಡೆಯಂಥ ಮಳೆ ಊರಲ್ಲಿ.

ನಮ್ಮ ಮನೆಯಲ್ಲಿರುವುದು ರಾಮ ಪಟ್ಟಾಭಿಷೇಕ. ಚಿಕ್ಕಮ್ಮ ಮೈಸೂರಿನಲ್ಲಿ ಈ ಕಲೆ ಕಲಿಯುವಾಗ ಬಿಡಿಸಿದ್ದು. 12×16 ಇಂಚು. ಕಾಗದವನ್ನು ದಪ್ಪ ರಟ್ಟಿಗೆ ಅಂಟಿಸಿ ಅದರ ಮೇಲೆ ಬರೆದ ಚಿತ್ರ. ಸಿಂಹಾಸನ, ಕಿರೀಟಗಳು, ಛತ್ರಿ, ಒಡವೆ ಎಲ್ಲ ಗೆಸ್ಸೋ ಕೆಲಸ. ಅಂದರೆ ಸಫೇದ ಅನ್ನುವ ಬಿಳಿ ಪುಡಿಗೆ ಮಕ್ಕಿ ಅನ್ನುವ ಹಳದಿ ಮರದ ರಾಳ ಮತ್ತು ಗೋಂದು ಸೇರಿಸಿ ಕಲಸಿ, ಕುಂಚದಲ್ಲಿ ಎಳೆಎಳೆಯಾಗಿ ಎತ್ತರಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸಿದ್ದು. ತಂಜಾವೂರು ಚಿತ್ರದಲ್ಲಿ ಈ ಉಬ್ಬು ದಪ್ಪ ಇರುತ್ತದೆ, ಗಾಜಿನ ಕಲ್ಲುಗಳೂ ಇರುತ್ತವೆ. ಮೈಸೂರಿನದು ತೆಳು. ಒಂದು ಮಿಲಿಮೀಟರ್ ಕೂಡ ಬರದ ಕಡೆ ಜಾಸ್ತಿ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಆ ಕುಸುರಿ ಎದ್ದು ಕಾಣುತ್ತದೆ.

ಈ ತೆಳುತನದಿಂದಲೇ ತೊಂದರೆ ಶುರುವಾಗುವುದು. "ಇದೇನು ಮಹಾ ಉಬ್ಬಿಲ್ಲ" ಅಂತ ಫೋಟೋಗೆ ಹಾಕಿದ ಹಾಗೆ ಗಾಜನ್ನು ನೇರವಾಗಿ ಚಿತ್ರದ ಮೇಲೆ ಒತ್ತಿ ಮೊಳೆ ಹೊಡೆದುಬಿಡುತ್ತಾರೆ. ನಮ್ಮ ಚಿತ್ರಕ್ಕೂ ಹಿಂದೆ ಕಟ್ಟು ಹಾಕಿದ ಅಂಗಡಿಯಲ್ಲಿ ಮಾಡಿದ್ದು ಅದನ್ನೇ. ಗೆಸ್ಸೋ, ಬಣ್ಣ, ರೇಕಿನ ಅಂಟು ಎಲ್ಲವೂ ಗೋಂದಿನ ಮೇಲೆ ನಿಂತಿವೆ. ಗೋಂದು ನೀರಿಗೆ ಕರಗುವ ವಸ್ತು. ಮಳೆಗಾಲದ ರಾತ್ರಿ ಗಾಜು ತಣ್ಣಗಾದಾಗ ಒಳಗಿನ ತೇವ ಗಾಜಿನ ಒಳಮೈ ಮೇಲೆ ಕೂರುತ್ತದೆ. ಸಂದು ಇದ್ದರೆ ಅದು ಬೆಳಗಾಗುತ್ತಾ ಆರಿಹೋಗುತ್ತದೆ. ಸಂದು ಇಲ್ಲದಿದ್ದರೆ ಸೀದಾ ಚಿತ್ರಕ್ಕೆ ಇಳಿಯುತ್ತದೆ. ಗೋಂದು ಮೆತ್ತಗಾಗಿ ಗಾಜಿಗೆ ಹಿಡಿಯುತ್ತದೆ. ಆಮೇಲೆ ಯಾರೋ ಕಟ್ಟು ಬಿಚ್ಚಿ ಗಾಜು ಎತ್ತಿದಾಗ ಚಿನ್ನ ಗಾಜಿನ ಜೊತೆ ಬರುತ್ತದೆ.

ಬಿಚ್ಚುವ ಮೊದಲು

ಕೆಲಸಕ್ಕೆ ಫೆಬ್ರವರಿಯನ್ನು ಬೇಕಂತಲೇ ಆರಿಸಿಕೊಂಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯ ತೇವಾಂಶ ಶೇ. 90 ದಾಟುತ್ತದೆ. ಶೇ. 65–70ಕ್ಕಿಂತ ಮೇಲೆ ಹೋಗಿ ಅಲ್ಲೇ ನಿಂತರೆ ಕಾಗದಕ್ಕೆ ಬೂಷ್ಟು ಬರುವುದು ಖಂಡಿತ. ಆ ದಿನಗಳಲ್ಲಿ ಕಟ್ಟು ಹಾಕಿದರೆ ಮಳೆಯನ್ನೇ ಒಳಗಿಟ್ಟು ಮುಚ್ಚಿದಂತೆ. ಫೆಬ್ರವರಿಯಲ್ಲಿ ಕೋಣೆಯೊಳಗೆ ಶೇ. 50ರ ಆಸುಪಾಸು ಸಿಗುತ್ತದೆ. ತೇವಾಂಶ ತೋರಿಸುವ ಚಿಕ್ಕ ಮಾಪಕ ಒಂದನ್ನು ಕಪಾಟಿನ ಮೇಲೆ ಇಟ್ಟುಕೊಂಡರೆ ಊಹೆ ಮಾಡುವುದು ತಪ್ಪುತ್ತದೆ.

ಮೊಳೆಗೆ ಕೈ ಹಾಕುವ ಮೊದಲು ಚಿತ್ರವನ್ನು ಮೇಜಿನ ಮೇಲೆ ಮಲಗಿಸಿ, ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿದೆ. ಗಾಜಿಗೆ ತಾಗಿರುವ ಜಾಗ ಬೇರೆಯಾಗಿ ಕಾಣುತ್ತದೆ. ಸುತ್ತಲಿನ ಚಿನ್ನ ಮಂಕಾಗಿ ಮಿನುಗುತ್ತಿದ್ದರೆ, ತಾಗಿದ ಕಡೆ ಒದ್ದೆಯಾದ ಹಾಗೆ ಹೊಳಪು ಬರುತ್ತದೆ. ಛತ್ರಿಯ ತುದಿ, ಸಿಂಹಾಸನದ ಎಡಗಡೆಯ ಅಂಚು, ಲಕ್ಷ್ಮಣನ ಕಿರೀಟ. ಈ ಜಾಗಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು, ಫೋಟೋ ತೆಗೆದುಕೊಂಡೆ. ಕೆಳಗಿನ ಅಂಚಿನಲ್ಲಿ ಗಾಜಿನ ಒಳಗೆ ಕುಂಕುಮದ ಕೆಂಪು ಗೆರೆಯೂ ಇತ್ತು. ದೇವರ ಚಿತ್ರ ಅಂತ ಗಾಜಿಗೆ ಕುಂಕುಮ ಹಚ್ಚಿ, ಮೇಲೆ ಒದ್ದೆ ಹೂ ಇಟ್ಟಾಗ ನೀರು ಇಳಿದು ಪಟ್ಟಿಯೊಳಗೆ ಹೋಗಿ ಸೇರಿದ್ದು.

ಹಿಂಭಾಗ

ಮೆತ್ತನೆಯ ಹತ್ತಿ ಬಟ್ಟೆಯ ಮೇಲೆ ಮುಖ ಕೆಳಗೆ ಮಾಡಿ ಇಟ್ಟು, ತುಕ್ಕು ಹಿಡಿದ ಸಣ್ಣ ಮೊಳೆಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ಎಳೆದೆ. ಸ್ಕ್ರೂಡ್ರೈವರ್ ಹಾಕಿ ಮೀಟಬಾರದು. ಮೀಟಿದರೆ ಪೆಟ್ಟೆಲ್ಲ ಚಿತ್ರಕ್ಕೆ. ಹಿಂದೆ ಇದ್ದದ್ದು ಕಂದು ಬಣ್ಣದ ಹಾರ್ಡ್‌ಬೋರ್ಡ್. ಅದರ ಕೆಳಗೆ ಒಂದು ಪದರ ಹಳೇ ನ್ಯೂಸ್‌ಪೇಪರ್. ಅದು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿ, ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು. ಮೂಲೆಯಲ್ಲಿ ಪುಸ್ತಕಗಳಲ್ಲಿ ಓಡಾಡುವ ಬೆಳ್ಳಿ ಬಣ್ಣದ ಹುಳಗಳು ಕಾಗದ ಕೆರೆದ ಗುರುತು. ಅವಕ್ಕೆ ಗಂಜಿ, ಅಂಟು ಅಂದರೆ ಪ್ರಾಣ.

ನ್ಯೂಸ್‌ಪೇಪರು, ಹಾರ್ಡ್‌ಬೋರ್ಡು ಎರಡೂ ಮರದ ತಿರುಳಿನಿಂದ ಮಾಡಿದವು. ಮರದಲ್ಲಿರುವ ಲಿಗ್ನಿನ್ ಅನ್ನೂ ಅದರಲ್ಲೇ ಬಿಟ್ಟಿರುತ್ತಾರೆ. ಕಾಲ ಕಳೆದ ಹಾಗೆ ಅದರಿಂದ ಆಮ್ಲ ಹುಟ್ಟುತ್ತದೆ, ಆ ಆಮ್ಲ ಪಕ್ಕದ ಕಾಗದಕ್ಕೂ ಹತ್ತುತ್ತದೆ. ಹಳೇ ಫೋಟೋಗಳ ಮೌಂಟಿನ, ಅಂದರೆ ಸುತ್ತ ಹಾಕುವ ದಪ್ಪ ಕಾಗದದ ಅಂಚಿನಲ್ಲಿ ಕಂದು ಗೆರೆ ನೋಡಿರುತ್ತೀರಿ, ಅಲ್ವಾ? ಅದು ಇದೇ.

ಇನ್ನು ಗಾಜು. ಚಿತ್ರದ ಬೆನ್ನಿಗೆ ಒಂದು ಗಟ್ಟಿ ಹಲಗೆ ಕೊಟ್ಟು, ಎಲ್ಲವನ್ನೂ ಒಟ್ಟಿಗೆ ಹಿಡಿದು ಮಗುಚಿದೆ. ಈಗ ಮುಖ ಮೇಲೆ. ಪಟ್ಟಿಯ ಚೌಕಟ್ಟನ್ನು ಮೊದಲು ಎತ್ತಿಟ್ಟು, ಗಾಜಿನ ಒಂದು ಅಂಚನ್ನು ಮಾತ್ರ ಕೂದಲೆಳೆಯಷ್ಟು ಮೇಲಕ್ಕೆತ್ತಿ ಪಕ್ಕದಿಂದ ನೋಡಿದೆ. ಚಿನ್ನ ಗಾಜಿನ ಜೊತೆ ಏಳುತ್ತಿದೆಯೋ, ಕೆಳಗೇ ಕೂತಿದೆಯೋ ಅಂತ. ಕೂತಿತ್ತು. ಇನ್ನಷ್ಟು ಎತ್ತಿದಾಗ ಛತ್ರಿಯ ತುದಿಯಲ್ಲಿ ಚಿಟ್ ಅಂತ ಸಣ್ಣ ಸದ್ದು. ಸಾಸಿವೆ ಕಾಳಿನಷ್ಟು ರೇಕು ಗಾಜಿನಲ್ಲಿ ಉಳಿಯಿತು. ಅಷ್ಟಕ್ಕೇ ಮುಗಿದದ್ದು ಒಣ ಹವೆಯಿಂದಾಗಿ. ಅದಕ್ಕಿಂತ ಜಾಸ್ತಿ ಹಿಡಿದಿದ್ದರೆ ನಾನು ಗಾಜನ್ನು ಹಾಗೇ ವಾಪಸ್ ಇಳಿಸಿ ನಿಲ್ಲಿಸುತ್ತಿದ್ದೆ. ಬ್ಲೇಡು, ದಾರ, ಆವಿ, ಹೇರ್ ಡ್ರೈಯರ್ ಏನನ್ನೂ ಪ್ರಯತ್ನಿಸಬೇಡಿ. ಗಾಜಿನ ಸಮೇತ ಕಲಾ ಸಂರಕ್ಷಕರ ಹತ್ತಿರ ಒಯ್ಯಿರಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಉದುರಿದ ರೇಕನ್ನೂ ಬಿಸಾಡಬಾರದು, ಚಿಕ್ಕ ಪೊಟ್ಟಣದಲ್ಲಿಟ್ಟು ಎಲ್ಲಿಯದು ಅಂತ ಬರೆದಿಡಬೇಕು.

ಶುಚಿ ಮಾಡಿದ್ದು ಬಹಳ ಕಮ್ಮಿ. ಆಡಿನ ಕೂದಲಿನ ಮೆತ್ತನೆಯ ಒಣ ಬ್ರಷ್‌ನಲ್ಲಿ ಬಣ್ಣದ ಭಾಗದ ಧೂಳನ್ನಷ್ಟೇ ತಳ್ಳಿದೆ. ಚಿನ್ನದ ಮೇಲೆ ಬ್ರಷ್ ಆಡಿಸಲಿಲ್ಲ. ಒದ್ದೆ ಬಟ್ಟೆ, ಒದ್ದೆ ಹತ್ತಿ ಹತ್ತಿರಕ್ಕೂ ತರಬಾರದು, ಬಣ್ಣ ಎದ್ದೇ ಬರುತ್ತದೆ. "ಒಂದಿಷ್ಟು ಹೊತ್ತು ಬಿಸಿಲಿಗೆ ಇಡು, ತೇವ ಹೋಗುತ್ತೆ" ಅಂತ ಮನೆಯಲ್ಲಿ ಹೇಳಿದರು. ಹಪ್ಪಳಕ್ಕೆ ಸರಿ, ಇದಕ್ಕಲ್ಲ. ಬಿಸಿಲಿಗೆ ಕಾಗದ ಕುಗ್ಗುತ್ತದೆ, ಗೆಸ್ಸೋ ಅಷ್ಟು ಬೇಗ ಕುಗ್ಗುವುದಿಲ್ಲ. ಎರಡರ ಎಳೆದಾಟದಲ್ಲಿ ಗೆಸ್ಸೋ ಬಿರುಕು ಬಿಡುತ್ತದೆ. ಚಿತ್ರವನ್ನೂ ಹೊಸ ಬೋರ್ಡುಗಳನ್ನೂ ಒಂದೇ ಒಣ ಕೋಣೆಯಲ್ಲಿ, ಮೇಲೊಂದು ತೆಳು ಬಟ್ಟೆಯ ಪರದೆ ಎಳೆದು, ಸುಮ್ನೆ ಇಟ್ಟೆ. ಎಲ್ಲದರ ತೇವ ಒಂದೇ ಮಟ್ಟಕ್ಕೆ ಬರಬೇಕು.

ಪಟ್ಟಿ ಆರಿಸಿದ್ದು ಹಿಂದಿನಿಂದ ನೋಡಿ

ಮೊದಲು ದಪ್ಪದ ಲೆಕ್ಕ ಹಾಕಿಕೊಂಡೆ. ಗಾಜು 2 ಮಿ.ಮೀ. ಅದರ ಕೆಳಗೆ ಕಿಟಕಿ ಕತ್ತರಿಸಿದ ಮೌಂಟ್ ಬೋರ್ಡ್ 1.5. ಅದರ ಕೆಳಗೆ ಎತ್ತರ ಕೊಡುವ ಬೋರ್ಡಿನ ಪಟ್ಟಿಗಳು ಮೂರು ಪದರ, 4.5. ರಟ್ಟು ಸಮೇತ ಚಿತ್ರ 4. ಅದರ ಬೆನ್ನಿಗೆ ಇನ್ನೊಂದು ಮೌಂಟ್ ಬೋರ್ಡ್ 1.5. ಕೊನೆಗೆ ಪ್ಲಾಸ್ಟಿಕ್ ಶೀಟ್ 3. ಒಟ್ಟು 16.5 ಮಿ.ಮೀ. ಮೊಳೆ ಕೂರಲು ಜಾಗ ಬೇಕು. ಅಂದರೆ ಪಟ್ಟಿಯ ಒಳಮೈಯಲ್ಲಿ ಕೊರೆದಿರುವ ಮೆಟ್ಟಿಲು 20 ಮಿ.ಮೀ. ಆಳ ಇರಲೇಬೇಕು. ಗಾಜಿನಿಂದ ಚಿತ್ರಕ್ಕೆ 6 ಮಿ.ಮೀ., ಗೆಸ್ಸೋದ ಉಬ್ಬು ಕಳೆದರೂ 5 ಮಿ.ಮೀ. ಖಾಲಿ ಜಾಗ.

ಈ ಲೆಕ್ಕ ಹಿಡಿದು ಶಿವಮೊಗ್ಗದ ಒಂದು ಅಂಗಡಿಗೆ ಹೋದೆ. ಚಿನ್ನದ ಬಣ್ಣದ ಸಿಂಥೆಟಿಕ್ ಪಟ್ಟಿಗಳು ಸಾಲಾಗಿ ನಿಂತಿದ್ದವು. ತಿರುಗಿಸಿ ಸ್ಕೇಲ್ ಇಟ್ಟೆ. ಹತ್ತು, ಹನ್ನೆರಡು ಮಿಲಿಮೀಟರ್. ಅಷ್ಟೇ.

"ಅಣ್ಣ, ಇದಕ್ಕಿಂತ ಆಳ ಇರೋದು ಇಲ್ವಾ?"

"ಎಲ್ಲರೂ ಮುಂದೆ ನೋಡ್ತಾರೆ ಅಕ್ಕ, ನೀವು ಹಿಂದೆ ನೋಡ್ತಿದ್ದೀರಿ. ಕ್ಯಾನ್ವಾಸಿಗೆ ಹಾಕೋ ಪಟ್ಟಿ ಇದೆ, ಆದ್ರೆ ಅದು ಬರೀ ಪ್ಲೇನ್."

ಪ್ಲೇನ್ ಪಟ್ಟಿಯೇ ಒಳ್ಳೆಯದು. ಒಳಗೆ ಅಷ್ಟು ಚಿನ್ನ ಇರುವಾಗ ಹೊರಗೆ ಬಳ್ಳಿ, ಹೂವಿನ ಚಿನ್ನದ ಪೇಂಟ್ ಹಾಕಿದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅಸಲಿ ರೇಕಿನ ಮೃದುವಾದ ಹೊಳಪು ಅದರ ಪಕ್ಕ ಸೋಲುತ್ತದೆ. ಹಳೇ ಮನೆಗಳಲ್ಲಿ ಈ ಚಿತ್ರಗಳಿಗೆ ಕಡು ಬಣ್ಣದ ಸಾಗುವಾನಿ, ಬೀಟೆ ಮರದ ಕಟ್ಟು ಹಾಕುತ್ತಿದ್ದದ್ದು ಎಷ್ಟು ಸರಿ ಅಂತ ಅನ್ನಿಸುತ್ತದೆ.

ಕೊನೆಗೆ ಪಟ್ಟಿ ಅಂಗಡಿಯಿಂದ ತರಲಿಲ್ಲ. ನಮ್ಮಲ್ಲಿ ಕೊಟ್ಟಿಗೆ ಕಿತ್ತಾಗ ಉಳಿದಿದ್ದ ಸಾಗುವಾನಿ ಕಿಟಕಿ ಚೌಕಟ್ಟು ಅಟ್ಟದಲ್ಲಿತ್ತು. ಪೂರ್ತಿ ಪಕ್ವವಾದ ಮರ, ಇನ್ನು ಸೊಟ್ಟಗಾಗುವ ಭಯ ಇಲ್ಲ. ಊರಿನ ಆಚಾರ್ರಿಗೆ ಅಳತೆ ಕೊಟ್ಟೆ. ಮುಖ ಒಂದೂಕಾಲು ಇಂಚು ಅಗಲ, ಒಳಗೆ 20 ಮಿ.ಮೀ. ಮೆಟ್ಟಿಲು, ಮೂಲೆ 45 ಡಿಗ್ರಿ. ಮೂಲೆಗೆ ಬರೀ ಮೊಳೆ ಸಾಲದು ಅಂದೆ. "ಗೊತ್ತು ಬಿಡಿ, ಸೀಳು ಕೊಯ್ದು ಬೆಣೆ ಕೂರಿಸ್ತೀನಿ" ಅಂದರು. ಹಾಗೇ ಮಾಡಿದರು. ಅಂಟು ಹಾಕಿ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ನೋಡಿದರು. ಎರಡೂ ಅಳತೆ ಸಮ ಬಂದರೆ ಚೌಕ ಸರಿ ಇದೆ ಅಂತ ಅರ್ಥ. ಮೂಲೆ ಸೇರಿದ ಗೆರೆಯಲ್ಲಿ ಬೆರಳು ಆಡಿಸಿದರೂ ಗೊತ್ತಾಗದಷ್ಟು ಚೊಕ್ಕ ಕೆಲಸ.

ಪಾಲಿಶ್ ಅರಗಿನದು. ಎಣ್ಣೆ ಬಣ್ಣ, ವಾರ್ನಿಷ್ ಹಾಕಿದರೆ ವಾರಗಟ್ಟಲೆ ಅದರ ವಾಸನೆ ಬಿಡುತ್ತದೆ. ಆ ಆವಿ ಗಾಜಿನೊಳಗೆ ಸೇರಿದರೆ ಚಿತ್ರಕ್ಕೆ ಒಳ್ಳೆಯದಲ್ಲ. ಅರಗು ಬೇಗ ಒಣಗುತ್ತದೆ. ಆದರೆ ಮಳೆಗಾಲದಲ್ಲಿ ಹಚ್ಚಿದರೆ ಬಿಳಿಚಿಕೊಳ್ಳುತ್ತದೆ, ಆದ್ದರಿಂದ ಇದೂ ಒಣ ಹವೆಯ ಕೆಲಸವೇ. ಮರವೂ ತಾನಾಗಿ ಸ್ವಲ್ಪ ಆಮ್ಲದ ಆವಿ ಬಿಡುತ್ತದೆ. ಅದಕ್ಕೇ ಮೆಟ್ಟಿಲಿನ ಒಳಮೈಗೆ ಸುತ್ತಲೂ ಅಲ್ಯೂಮಿನಿಯಂ ಟೇಪ್ ಅಂಟಿಸಿದೆ. ಮುಂದಿನಿಂದ ಕಾಣುವುದಿಲ್ಲ.

ಗಾಜು, ಬೋರ್ಡು, ಅಂಟು

ಪ್ರತಿಫಲನ ಬರಬಾರದು ಅಂತ ಕೆಲವರು ಮಬ್ಬು ಮಾಡಿದ ನಾನ್‌ಗ್ಲೇರ್ ಗಾಜು ಹೇಳುತ್ತಾರೆ. ಅದು ಚಿತ್ರಕ್ಕೆ ಒತ್ತಿಕೊಂಡಿದ್ದರೆ ಮಾತ್ರ ಸ್ಪಷ್ಟ. ಐದಾರು ಮಿಲಿಮೀಟರ್ ದೂರ ಇಟ್ಟರೆ ಕುಸುರಿಯೆಲ್ಲ ಮಂಜಾಗಿ ಕಾಣುತ್ತದೆ. ಈ ಚಿತ್ರದ ಜೀವ ಇರುವುದೇ ಕುಸುರಿಯಲ್ಲಿ. ಅಕ್ರಿಲಿಕ್ ಹಗುರ, ಒಡೆಯುವುದಿಲ್ಲ. ಗಾಜಿನ ಅರ್ಧದಷ್ಟೂ ತೂಕ ಇಲ್ಲ. ಆದರೆ ಒರೆಸಿದಾಗ ಅದಕ್ಕೆ ಸ್ಥಿರ ವಿದ್ಯುತ್ ಬಂದು, ಸಡಿಲ ಇರುವ ರೇಕನ್ನು ಎಳೆದುಕೊಳ್ಳುತ್ತದೆ. ಇದ್ದಿಲಿನ ರೇಖಾಚಿತ್ರ, ಪೇಸ್ಟಲ್, ಇಂಥ ಚಿನ್ನದ ಕೆಲಸ ಇವ್ಯಾವಕ್ಕೂ ಅಕ್ರಿಲಿಕ್ ಬೇಡ. ನೇರಳಾತೀತ ಕಿರಣ ತಡೆಯುವ ಗಾಜು ಸಿಕ್ಕಿದರೆ, ಕೈಗೆಟುಕಿದರೆ ಅದೇ ಉತ್ತಮ. ನಾನು ಸಾದಾ 2 ಮಿ.ಮೀ. ಗಾಜು ಹಾಕಿ, ಬಿಸಿಲು ಬರದ ಗೋಡೆ ಆರಿಸಿದೆ. ನೇರಳಾತೀತ ತಡೆದರೂ ಕಣ್ಣಿಗೆ ಕಾಣುವ ಬೆಳಕಿಗೂ ಬಣ್ಣ ಮಾಸುತ್ತದೆ. ಮ್ಯೂಸಿಯಂಗಳು ಜಲವರ್ಣಕ್ಕೆ 50 ಲಕ್ಸ್ ಬೆಳಕಿಗೆ ಮಿತಿ ಹಾಕುವುದು ಅದಕ್ಕೇ.

ಮೌಂಟ್ ಬೋರ್ಡ್ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಲಿಲ್ಲ. ಅಂಗಡಿಯ ಸಾಮಾನ್ಯ ಬೋರ್ಡು ಮೇಲೆ ಬಣ್ಣದ ಕಾಗದ, ಒಳಗೆ ಮರದ ತಿರುಳು. 45 ಡಿಗ್ರಿಯಲ್ಲಿ ಕಿಟಕಿ ಕತ್ತರಿಸಿದಾಗ ಆ ತಿರುಳು ಸೀದಾ ಚಿತ್ರದ ಕಡೆ ಮುಖ ಮಾಡುತ್ತದೆ. ಬೆಂಗಳೂರಿನಿಂದ ಆಮ್ಲರಹಿತ ಹತ್ತಿ ಬೋರ್ಡ್ ತರಿಸಿದೆ. ಇಂಥ ಬೋರ್ಡಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ. ಮುಂದೆ ಆಮ್ಲ ಬಂದರೂ ಅದು ಹೀರಿಕೊಂಡು ತಣಿಸುತ್ತದೆ. ಚಿತ್ರದ ಹಿಂದಿನ ಹಳೇ ರಟ್ಟು ಅಷ್ಟು ಒಳ್ಳೆಯದಲ್ಲ, ಆದರೆ ಅದನ್ನು ಬಿಡಿಸುವುದು ಮನೆಯ ಕೆಲಸ ಅಲ್ಲ. ಅದರ ಬೆನ್ನಿಗೆ ಹತ್ತಿ ಬೋರ್ಡ್ ಕೊಟ್ಟರೆ ಸಾಕಷ್ಟು ಸುಧಾರಿಸುತ್ತದೆ.

ಚಿತ್ರಕ್ಕೆ ಅಂಟು ಒಂದು ಹನಿಯೂ ಹಾಕಿಲ್ಲ. ಚಿಕ್ಕಮ್ಮ ಸುತ್ತಲೂ ಅರ್ಧ ಇಂಚು ಖಾಲಿ ಕಾಗದ ಬಿಟ್ಟಿದ್ದರು. ಆ ಅಂಚೇ ಈ ಕೆಲಸವನ್ನು ಉಳಿಸಿದ್ದು. ಹಿಂದಿನ ಬೋರ್ಡಿನ ಮೇಲೆ ಚಿತ್ರ ಕೂರುವಷ್ಟು ಗುಂಡಿ ಬರುವಂತೆ ಸುತ್ತ ಬೋರ್ಡಿನ ತುಂಡುಗಳನ್ನು ಜೋಡಿಸಿದೆ. ಚಿತ್ರದ ಸುತ್ತ ಎರಡು ಮಿಲಿಮೀಟರ್ ಸಡಿಲ ಬಿಟ್ಟೆ, ಮಳೆಗಾಲದಲ್ಲಿ ಹಿಗ್ಗಲು. ಎತ್ತರದ ಪಟ್ಟಿಗಳು ಆ ಖಾಲಿ ಅಂಚಿನ ಮೇಲೆ 3 ಮಿ.ಮೀ. ಮಾತ್ರ ಬರುವಂತೆ ಕೂತಿವೆ. ಅವೇ ಚಿತ್ರವನ್ನು ಹಿಡಿದಿವೆ. ಅವು ಕಾಣದಂತೆ ಮೇಲಿನ ಕಿಟಕಿ ಇನ್ನು 5 ಮಿ.ಮೀ. ಒಳಗೆ ಚಾಚಿದೆ. ಚಿನ್ನದ ಅಂಚುಪಟ್ಟಿ ಪೂರ್ತಿ ಕಾಣುತ್ತದೆ, ಯಾವುದೂ ಅದನ್ನು ಮುಟ್ಟುವುದಿಲ್ಲ. ಮೌಂಟಿನ ಬಣ್ಣ ಕೆನೆ ಬಿಳಿ. ಅಗಲ ಮೂರೂ ಕಡೆ ಎರಡೂವರೆ ಇಂಚು, ಕೆಳಗೆ ಮೂರು.

ರಟ್ಟಿಗೆ ಅಂಟಿಸದ ಬರೀ ಕಾಗದದ ಚಿತ್ರವಾದರೆ ವಿಧಾನ ಬೇರೆ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಯಿಂದ ಜಲವರ್ಣ ತಂದವರು ಇದನ್ನು ಗಮನಿಸಿ. ಮೇಲಿನ ಅಂಚಿನಲ್ಲಿ ಎರಡು ಕಡೆ ಮಾತ್ರ ಜಪಾನಿ ತೆಳು ಕಾಗದದ ತುಂಡನ್ನು ಗೋಧಿ ಗಂಜಿಯ ಅಂಟಿನಿಂದ ಹಚ್ಚಿ ನೇತುಬಿಡಬೇಕು. ಉಳಿದ ಮೂರು ಬದಿ ಖುಲ್ಲಾ ಇರಲಿ. ನಾಲ್ಕೂ ಕಡೆ ಅಂಟಿಸಿದರೆ ಮೊದಲ ಮಳೆಗೇ ಕಾಗದ ಅಲೆ ಏಳುತ್ತದೆ. ಈ ಗಂಜಿ ಅಂದರೆ ಗೋಧಿಯ ಪಿಷ್ಟ ಮಾತ್ರ, ಮೈದಾ ಅಲ್ಲ. ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಹುಳ ಬರಬಾರದು ಅಂತ ಮೈಲುತುತ್ತ ಹಾಕುತ್ತಾರೆ. ಅದರಲ್ಲಿರುವ ತಾಮ್ರ ಕಾಗದವನ್ನು ಬೇಗ ಪುಡಿಪುಡಿ ಮಾಡುತ್ತದೆ. ಮರಗೆಲಸದ ಬಿಳಿ ಅಂಟು ಹಾಕಿದರೆ ಮತ್ತೆ ಬಿಡಿಸಲಾಗದು. ಸೆಲ್ಲೋಟೇಪ್ ಅಂತೂ ಹಳದಿ ಕಲೆ ಬಿಟ್ಟೇ ಬಿಡುತ್ತದೆ. ಮುಂದೆ ಬಿಚ್ಚಿದಾಗ ಚಿತ್ರಕ್ಕೆ ನೋವಾಗದೆ ಬಿಡಬೇಕು, ಅಂಥದ್ದೇ ಅಂಟು.

ಮುಚ್ಚಿದ್ದು

ಗಾಜನ್ನು ಚೌಕಟ್ಟಿಗಿಂತ 3 ಮಿ.ಮೀ. ಚಿಕ್ಕದಾಗಿ ಕತ್ತರಿಸಿಕೊಂಡೆ. ಬಿಗಿ ಇದ್ದರೆ ಮರ ಹಿಗ್ಗಿ ಕುಗ್ಗುವಾಗ ಬಿರುಕು ಬಿಡುತ್ತದೆ. ಒಳಮೈ ಒರೆಸಿ, ಪೂರ್ತಿ ಒಣಗಿದ ಮೇಲೆ ಇಟ್ಟೆ. ಹಿಂಬದಿಗೆ ಹಾರ್ಡ್‌ಬೋರ್ಡ್ ಬದಲು ಅಂಗಡಿಗಳ ಬೋರ್ಡು ಬರೆಯುವವರ ಹತ್ತಿರ ಸಿಗುವ, ಒಳಗೆ ಕೊಳವೆ ಕೊಳವೆ ಇರುವ ಪಾಲಿಪ್ರೊಪಿಲೀನ್ ಶೀಟ್. ನೀರು ಕುಡಿಯುವುದಿಲ್ಲ, ಆಮ್ಲ ಬಿಡುವುದಿಲ್ಲ, ಹುಳಕ್ಕೆ ತಿನ್ನಲು ಏನೂ ಇಲ್ಲ. ಆ ಕೊಳವೆಗಳ ಬಾಯಿ ಮುಚ್ಚಲೇಬೇಕು, ಇಲ್ಲದಿದ್ದರೆ ಇರುವೆಗಳು ಸಂಸಾರ ಹೂಡುತ್ತವೆ. ಗಾಜಿನ ಅಂಚಿನಿಂದ ಹಿಂದಿನ ಶೀಟಿನವರೆಗೆ ಸುತ್ತಲೂ ಅಲ್ಯೂಮಿನಿಯಂ ಟೇಪ್ ಸುತ್ತಿ, ಎಲ್ಲ ಪದರಗಳನ್ನೂ ಒಂದೇ ಪೊಟ್ಟಣದ ಹಾಗೆ ಮಾಡಿ ಚೌಕಟ್ಟಿಗೆ ಇಳಿಸಿದೆ. ಮೊಳೆಯನ್ನು ಸುತ್ತಿಗೆಯಲ್ಲಿ ಹೊಡೆಯಲಿಲ್ಲ, ಪ್ರತಿ ಪೆಟ್ಟಿಗೂ ಗೆಸ್ಸೋ ಅದುರುತ್ತದೆ. ಇಕ್ಕಳದಲ್ಲಿ ಒತ್ತಿ ಕೂರಿಸಿದೆ.

ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇದೆ. ಯಾರು ಬಿಡಿಸಿದ್ದು, ಯಾವ ಬಣ್ಣ, ಅಸಲಿ ಚಿನ್ನದ ರೇಕು, ನೀರು ತಾಗಿಸಬಾರದು, ಕಟ್ಟು ಹಾಕಿದ ತಿಂಗಳು, ಒಳಗೆ ಏನೇನು ಪದರ ಇವೆ. ಮುಂದೆ ಬಿಚ್ಚುವವರು ಊಹಿಸಬೇಕಾಗಿಲ್ಲ.

ಹೊರ ಅಳತೆಯ ಗಾಜು ಸುಮಾರು 17×21.5 ಇಂಚು. 2 ಮಿ.ಮೀ. ಗಾಜು ಚದರ ಮೀಟರಿಗೆ 5 ಕೆ.ಜಿ. ತೂಗುತ್ತದೆ. ಅಂದರೆ ಗಾಜೇ 1.2 ಕೆ.ಜಿ. ಹತ್ತಿರ. ಮರವೂ ಸೇರಿದರೆ ಒಂದು ಮೊಳೆಯ ಮೇಲೆ ನಂಬಿಕೆ ಇಡಲಾಗದು. ಎರಡು ಬದಿಗೂ ಕೊಂಡಿ ಹಾಕಿ, ಗೋಡೆಗೆ ಎರಡು ಸ್ಕ್ರೂ. ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ಕಾರ್ಕ್ ತುಂಡು ಅಂಟಿಸಿದೆ, ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡಲಿ ಅಂತ.

ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲೂ ಪಡುವಣ ಗೋಡೆ ಜೂನ್‌ನಿಂದ ಒದ್ದೆಯೇ. ಚಿತ್ರ ಹಿಂದೆ ಇದ್ದದ್ದು ಆ ಗೋಡೆಯ ಮೇಲೆ, ದೀಪದ ಪಕ್ಕ. ದೀಪದ ಮಸಿ, ಊದುಬತ್ತಿಯ ಹೊಗೆ ಬೇರೆ. ಈಗ ನಡುಮನೆಯ ಒಳಗೋಡೆಗೆ ಬಂದಿದೆ. ಇದಕ್ಕೆ ಅಮ್ಮನನ್ನು ಒಪ್ಪಿಸಬೇಕಾಯಿತು. ದೇವರ ಮನೆಯಲ್ಲಿ ಪೂಜೆಗೆ ಬೇರೆ ಪಟ ಇಟ್ಟೆವು. ಹೂ ಇಡಲೇಬೇಕು ಅಂತ ಅಮ್ಮನ ಮನಸ್ಸು, ಹಾಗಾಗಿ ಚಿತ್ರದ ಕೆಳಗೆ ಒಂದು ಚಿಕ್ಕ ಹಲಗೆ ಹೊಡೆದು ಅದರ ಮೇಲೆ ತಟ್ಟೆ ಇಟ್ಟಿದ್ದೇವೆ. ಗಾಜು ಒರೆಸುವಾಗ ನೀರನ್ನು ಬಟ್ಟೆಗೆ ಹಾಕಿ ಹಿಂಡಬೇಕು, ಗಾಜಿಗೆ ಚಿಮುಕಿಸಬಾರದು ಅನ್ನುವುದು ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಮೊದಲ ಮಳೆಗಾಲ ದಾಟಿದ ಮೇಲೆ ಅದೇ ಟಾರ್ಚ್ ಹಿಡಿದು ಓರೆ ಬೆಳಕಿನಲ್ಲಿ ನೋಡಿದೆ. ಗಾಜಿನ ಒಳಮೈ ಒಣಗಿಯೇ ಇದೆ, ಮಬ್ಬಿಲ್ಲ, ಬೂಷ್ಟಿಲ್ಲ. ಛತ್ರಿಯ ತುದಿಯಲ್ಲಿ ಚಿನ್ನ ಹೋದ ಚುಕ್ಕೆ ಹಾಗೇ ಇದೆ, ಅದನ್ನು ಚಿಕ್ಕಮ್ಮನೇ ಬಂದು ಸರಿ ಮಾಡುವುದಾಗಿ ಹೇಳಿದ್ದಾರೆ. ಅವರ ಮನೆಯ ಗಜಲಕ್ಷ್ಮಿಗೂ ಗಾಜು ಒತ್ತಿಕೊಂಡೇ ಇದೆಯಂತೆ. ಅದು ಪ್ಲೈವುಡ್ಡಿನ ಮೇಲೆ ಅಂಟಿಸಿದ್ದು, ಇದಕ್ಕಿಂತ ದಪ್ಪ. ಆಚಾರ್ರಿಗೆ 25 ಮಿ.ಮೀ. ಆಳದ ಪಟ್ಟಿ ಹೇಳಿಟ್ಟಿದ್ದೇನೆ, ಫೆಬ್ರವರಿಗೆ.